ಕರಿಯ ಕಲ್ಲಿನಲ್ಲಿ ಕಂಡ ಮುಖ

ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರದ ನಡುವೆ, ಹಸುರು ಮೈದಾನವೊಂದರ ಮಗ್ಗುಲಲ್ಲಿ, ನೆಲವನ್ನು ಸೀಳಿ ಹುದುಗಿಸಿದಂತೆ ಒಂದು ಕರಿಯ ಗೋಡೆಯಿದೆ. ಅದರ ಮೇಲೆ ಗೋಪುರವಿಲ್ಲ, ಶಿಲ್ಪವಿಲ್ಲ, ಕುದುರೆಯೇರಿದ ದಂಡನಾಯಕನ ಪ್ರತಿಮೆಯಿಲ್ಲ. ಇರುವುದು ಬರಿಯ ಹೆಸರುಗಳು. ಒಂದರ ಪಕ್ಕಕ್ಕೊಂದು, ಒಂದರ ಕೆಳಗೊಂದು, 58,000ಕ್ಕೂ ಮಿಕ್ಕ ಹೆಸರುಗಳು. ವಿಯೆಟ್ನಾಂ ಯುದ್ಧದಲ್ಲಿ ಮಡಿದ, ಕಣ್ಮರೆಯಾದ ಅಮೆರಿಕದ ಯೋಧರ ಹೆಸರುಗಳವು.

ಮೇ ತಿಂಗಳ ಕೊನೆಯ ದಿನಗಳಲ್ಲಿ ಈ ಗೋಡೆಯ ಬಳಿ ನಿಂತವರಿಗೆ ಒಂದು ನೋಟ ಮತ್ತೆ ಮತ್ತೆ ಕಾಣಸಿಗುತ್ತದೆ. ನರೆತ ಗಡ್ಡದ, ತೋಳಿಲ್ಲದ ತೊಗಲಿನ ಅಂಗಿ ತೊಟ್ಟ, ಅಂಗಿಯ ತುಂಬ ಬಗೆಬಗೆಯ ಲಾಂಛನಗಳನ್ನು ಹೊಲಿಸಿಕೊಂಡ ಧಡೂತಿ ಆಸಾಮಿಯೊಬ್ಬ ತನ್ನ ಮೋಟಾರು ಸೈಕಲ್ಲನ್ನು ದೂರದಲ್ಲಿ ನಿಲ್ಲಿಸಿ ನಡೆದು ಬರುತ್ತಾನೆ. ಬೀದಿಯಲ್ಲಿ ಎದುರಾದರೆ ತಾಯಂದಿರು ಮಕ್ಕಳನ್ನು ಪಕ್ಕಕ್ಕೆ ಸೆಳೆದುಕೊಳ್ಳಬೇಕು, ಅಂಥ ರೂಪು! ಆತನ ಬೆರಳು ಹೆಸರುಗಳ ಸಾಲನ್ನು ತಡವುತ್ತ ಹೋಗಿ ಒಂದೆಡೆ ನಿಲ್ಲುತ್ತದೆ. ಮರುಗಳಿಗೆಯಲ್ಲಿ ಆತ ಹಣೆಯನ್ನು ಕಲ್ಲಿಗೆ ಒತ್ತಿ ಮಗುವಿನಂತೆ ಅಳತೊಡಗುತ್ತಾನೆ. ನುಣುಪಾದ ಆ ಕಲ್ಲಿನಲ್ಲಿ, ಮಡಿದ ಗೆಳೆಯನ ಹೆಸರಿನ ಹಿಂದೆ, ಬದುಕಿ ಉಳಿದ ಈತನ ಮುಖವೇ ಮೂಡಿರುತ್ತದೆ. ಗೆಳೆಯನಿಗೆ ಎಂದೆಂದಿಗೂ ಇಪ್ಪತ್ತು ವರ್ಷ. ಈತನಿಗೆ ಎಪ್ಪತ್ತು ದಾಟಿದೆ.

ಕನ್ನಡಿಯಂಥ ಆ ಕಲ್ಲು ಬಂದದ್ದಾದರೂ ಎಲ್ಲಿಂದ? ನಮ್ಮ ಬೆಂಗಳೂರಿನ ಕಡೆಯ ಕಲ್ಲುಗಣಿಯಿಂದ!

ಕಡಲು ದಾಟಿದ ಕಲ್ಲು

ಈ ಸ್ಮಾರಕವನ್ನು ಕಟ್ಟಬೇಕೆಂಬ ಸಂಕಲ್ಪ ಸರಕಾರದ್ದಲ್ಲ. ಯುದ್ಧದಲ್ಲಿ ಗಾಯಗೊಂಡು ಮರಳಿದ ಜಾನ್ ಸ್ಕ್ರಗ್ಸ್ ಎಂಬ ಸಾಮಾನ್ಯ ಸೈನಿಕ 1979ರಲ್ಲಿ ಗೆಳೆಯರನ್ನು ಕೂಡಿಸಿಕೊಂಡು ನಿಧಿಯೊಂದನ್ನು ಆರಂಭಿಸಿದ. ಮಡಿದವರಲ್ಲಿ ಒಬ್ಬೊಬ್ಬನ ಹೆಸರೂ ಅಲ್ಲಿ ಇರಬೇಕು ಎಂಬುದೊಂದೇ ಅವನ ಹಟ. 1981ರಲ್ಲಿ ನಡೆದ ಸ್ಪರ್ಧೆಗೆ 1,421 ವಿನ್ಯಾಸಗಳು ಬಂದವು. ಹೆಸರು ಮರೆಮಾಡಿದ ಆ ರಾಶಿಯಲ್ಲಿ ತೀರ್ಪುಗಾರರು ಆರಿಸಿದ್ದು ಯೇಲ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ, ಆಗಿನ್ನೂ 21 ವರ್ಷದ ಮಾಯಾ ಲಿನ್ ಎಂಬ ತರುಣಿಯ ಚಿತ್ರವನ್ನು.

ಆಕೆಗೆ ಬೇಕಾಗಿದ್ದುದು ಹೊಳಪು ಕೊಟ್ಟರೆ ಎದುರಿನವರ ಮುಖ ತೋರುವ ಕರಿಯ ಕಲ್ಲು. ಅಂಥ ಕಲ್ಲು ಕೆನಡ, ಸ್ವೀಡನ್ ದೇಶಗಳಲ್ಲೂ ಉಂಟು. ಆದರೆ ಯುದ್ಧಕ್ಕೆ ಹೋಗಲೊಪ್ಪದ ಅಮೆರಿಕದ ಯುವಕರು ಆಶ್ರಯ ಪಡೆದದ್ದು ಆ ದೇಶಗಳಲ್ಲೇ ಆದ್ದರಿಂದ ಅಲ್ಲಿಯ ಕಲ್ಲು ಬೇಡವಾಯಿತೆಂದು ಹೇಳುತ್ತಾರೆ. ಕಡೆಗೆ ಬೆಂಗಳೂರಿನ ಕಲ್ಲು ಕಡಲು ದಾಟಿತು. ವರ್ಮಾಂಟ್ ಪ್ರಾಂತದ ಬ್ಯಾರಿ ಎಂಬ ಊರಿನಲ್ಲಿ ಅದನ್ನು ಕೊಯ್ದು ಹಲಗೆಗಳನ್ನಾಗಿಸಿದರು. ಮೆಂಫಿಸ್ ನಗರದಲ್ಲಿ ಅದರ ಮೇಲೆ ಅರ್ಧ ಅಂಗುಲ ಎತ್ತರದ ಅಕ್ಷರಗಳು ಮೂಡಿದವು. 1982ರ ನವೆಂಬರ್ 13ರಂದು ಸ್ಮಾರಕ ಲೋಕಾರ್ಪಣೆಗೊಂಡಿತು.

ಸುಮಾರು 247 ಅಡಿ ಉದ್ದದ ಎರಡು ತೋಳುಗಳು ನಡುವೆ ಕೂಡುತ್ತವೆ. ಕೂಡುವಲ್ಲಿ ಗೋಡೆಯ ಎತ್ತರ ಹತ್ತಡಿ. ತುದಿಗಳಲ್ಲಿ ಗೇಣುದ್ದವೂ ಇಲ್ಲ. ಹೆಸರುಗಳಿರುವುದು ಅಕಾರಾದಿಯಾಗಿಯೂ ಅಲ್ಲ, ಪದವಿಯ ಮೇರೆಗೂ ಅಲ್ಲ. ಬಿದ್ದ ದಿನದ ಕ್ರಮದಲ್ಲಿ. ಒಟ್ಟಿಗೆ ಹೋರಾಡಿ ಒಂದೇ ದಿನ ಬಿದ್ದವರು ಕಲ್ಲಿನ ಮೇಲೂ ಒಟ್ಟಿಗೇ ಇದ್ದಾರೆ. ಸಾಲು ನಡುಮೂಲೆಯಲ್ಲಿ ಆರಂಭವಾಗಿ ಬಲದ ತುದಿಯಲ್ಲಿ ಭೂಮಿಗಿಳಿದು, ಎಡದ ತುದಿಯಲ್ಲಿ ಮತ್ತೆ ಎದ್ದು, ನಡುಮೂಲೆಗೇ ಬಂದು ಮುಗಿಯುತ್ತದೆ. ಹೀಗೆ ಯುದ್ಧದ ಆದಿಯೂ ಅಂತ್ಯವೂ ಒಂದೆಡೆ ಸೇರುತ್ತವೆ.

ಕನ್ನಡ ನಾಡಿನ ಊರೂರಿನಲ್ಲೂ ವೀರಗಲ್ಲುಗಳನ್ನು ಕಂಡವರಿಗೆ ಇದು ಹೊಸತೆನಿಸಲಾರದು, ಹಳೆಯದೆಂದೂ ಅನಿಸಲಾರದು. ನಮ್ಮ ವೀರಗಲ್ಲಿನ ಕೆಳಗಿನ ಅಂಕಣದಲ್ಲಿ ವೀರ ಕಾದುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಕೊಂಡೊಯ್ಯುತ್ತಾರೆ. ಮೇಲೆ ಅವನು ಶಿವನ ಸನ್ನಿಧಿಯಲ್ಲಿರುತ್ತಾನೆ. ವಾಷಿಂಗ್ಟನ್ನಿನ ಕಲ್ಲು ಸ್ವರ್ಗದ ಭರವಸೆಯನ್ನು ಕೊಡುವುದಿಲ್ಲ. ಯುದ್ಧ ಸರಿಯೋ ತಪ್ಪೋ ಎಂದು ಹೇಳುವುದೂ ಇಲ್ಲ. ಇವನಿದ್ದನು, ಇನ್ನಿಲ್ಲ ಎಂದಷ್ಟೇ ಹೇಳುತ್ತದೆ. ಇಷ್ಟು ಸಾಲದೆಂದು, ಕರಿಯ ಬಣ್ಣವೇ ಅವಮಾನವೆಂದು, ಮೊದಲಲ್ಲಿ ಸಿಟ್ಟಾದವರು ಬಹಳ ಮಂದಿ. ಅವರ ಸಮಾಧಾನಕ್ಕಾಗಿ 1984ರಲ್ಲಿ ಮೂವರು ಸೈನಿಕರ ಕಂಚಿನ ಪ್ರತಿಮೆಯನ್ನು ಹತ್ತಿರದಲ್ಲಿ ನಿಲ್ಲಿಸಬೇಕಾಯಿತು. ಆದರೆ ಜನ ಬಂದು ಮುಟ್ಟಿದ್ದು ಗೋಡೆಯನ್ನೇ.

ಕಿಟಕಿಯ ನಕ್ಷತ್ರ

ಹೆಸರೊಂದು ಓದುವವನಿಗೆ ಅಕ್ಷರ. ಮನೆಯವರಿಗೆ ಅದು ಬರಿದಾದ ಊಟದ ಕುರ್ಚಿ. ಅಮೆರಿಕದ ಎಷ್ಟೋ ಮನೆತನಗಳಲ್ಲಿ ಸೇನೆಯ ಸೇವೆ ತಂದೆಯಿಂದ ಮಗನಿಗೆ ಬರುವ ಸೊತ್ತು. 1917ರಲ್ಲಿ, ಇಬ್ಬರು ಮಕ್ಕಳನ್ನು ಯುದ್ಧಕ್ಕೆ ಕಳುಹಿಸಿದ ಓಹಾಯೋ ಪ್ರಾಂತದ ಸೇನಾಧಿಕಾರಿಯೊಬ್ಬರು ಮನೆಯ ಕಿಟಕಿಯಲ್ಲಿ ತೂಗಹಾಕುವ ಒಂದು ಬಾವುಟವನ್ನು ರೂಪಿಸಿದರು. ಸೇನೆಗೆ ಹೋದ ಮಗನಿಗೆ ಒಂದು ನೀಲಿ ನಕ್ಷತ್ರ. ಆತ ಮಡಿದರೆ ನೀಲಿಯನ್ನು ಚಿನ್ನದ ಬಣ್ಣ ಮುಚ್ಚುತ್ತದೆ. ಆ ಬೀದಿಯಲ್ಲಿ ಹಾದುಹೋಗುವ ಅಂಚೆಯವನಿಗೂ ಅದರ ಅರ್ಥ ಗೊತ್ತು. 1942ರ ನವೆಂಬರಿನಲ್ಲಿ ಜೂನೋ ಎಂಬ ಯುದ್ಧನೌಕೆ ಮುಳುಗಿದಾಗ, ಅಯೋವಾ ಪ್ರಾಂತದ ಸಲಿವನ್ ದಂಪತಿಗಳ ಐವರು ಗಂಡುಮಕ್ಕಳೂ ತೀರಿಕೊಂಡರು. ಆ ಮನೆಗೆ ಒಮ್ಮೆಗೇ ಐದು ಚಿನ್ನದ ನಕ್ಷತ್ರ! ವಿಯೆಟ್ನಾಂ ಗೋಡೆಯ ಮೇಲೆ ತಂದೆ ಮತ್ತು ಮಗ ಇಬ್ಬರೂ ಇರುವ ಜೋಡಿಗಳು ಮೂರು.

ಗೋಡೆಯ ಬುಡಕ್ಕೆ ಕಾಂಕ್ರೀಟು ಸುರಿಯುತ್ತಿದ್ದಾಗ ನೌಕಾಪಡೆಯ ಅಧಿಕಾರಿಯೊಬ್ಬ ಬಂದು, ಯುದ್ಧದಲ್ಲಿ ಸತ್ತ ತನ್ನ ಸಹೋದರನ ಪದಕವನ್ನು ಹಸಿ ಗಾರೆಯೊಳಗೆ ಹಾಕಿ ವಂದನೆ ಸಲ್ಲಿಸಿ ಹೋದನೆಂದು ಪ್ರತೀತಿಯಿದೆ. ಅಂದಿನಿಂದ ಜನ ಏನಾದರೂ ಒಂದನ್ನು ಅಲ್ಲಿ ಇಟ್ಟುಹೋಗುವುದು ನಿಂತೇ ಇಲ್ಲ. ಕಾಗದಗಳು, ಸವೆದ ಬೂಟುಗಳು, ಮದುವೆಯ ಉಂಗುರ, ಮಕ್ಕಳ ಆಟಿಕೆ. ತಂದೆಯನ್ನು ಕಾಣದೆ ಬೆಳೆದ ಮಗುವೊಂದು ದೊಡ್ಡದಾಗಿ, ಹುಟ್ಟಲಿರುವ ತನ್ನ ಕೂಸಿನ ಗರ್ಭಚಿತ್ರವನ್ನು ತಂದು, ಅಜ್ಜನಾಗಲಿರುವ ಹೆಸರಿನ ಕೆಳಗೆ ಒರಗಿಸಿಟ್ಟದ್ದೂ ಉಂಟು. ಉದ್ಯಾನ ಇಲಾಖೆಯ ನೌಕರರು ಇವುಗಳನ್ನು ಆಯ್ದು ಮೇರಿಲ್ಯಾಂಡ್ ಪ್ರಾಂತದ ಉಗ್ರಾಣದಲ್ಲಿ ಜೋಪಾನ ಮಾಡುತ್ತಾರೆ. ಈವರೆಗೆ ಸೇರಿದ ವಸ್ತುಗಳು 4,00,000ಕ್ಕೂ ಹೆಚ್ಚು.

ಸತ್ತರೆಂದು ತಿಳಿದವರ ಮನೆಗೆ ದುಃಖವಾದರೂ ಉಂಟು. ಸತ್ತರೋ ಇದ್ದಾರೋ ತಿಳಿಯದವರ ಮನೆಯ ಪಾಡೇನು? ನಮ್ಮಲ್ಲಿಯೂ ಮನೆ ಬಿಟ್ಟು ಹೋದವನು ಹನ್ನೆರಡು ವರ್ಷ ಬಾರದಿದ್ದರೆ ದರ್ಭೆಯ ಆಕೃತಿಗೆ ಸಂಸ್ಕಾರ ಮಾಡುವ ಪದ್ಧತಿಯಿದೆ. ಆವರೆಗೆ ಆ ಮನೆಯ ಹೆಣ್ಣು ಕುಂಕುಮವಿಡುವಾಗಲೆಲ್ಲ ಕೈ ನಡುಗದೆ ಇದ್ದೀತೆ? 1973ರಲ್ಲಿ 591 ಮಂದಿ ಸೆರೆಯಾಳುಗಳು ವಿಯೆಟ್ನಾಮಿನಿಂದ ತಾಯ್ನಾಡಿಗೆ ಮರಳಿದಾಗ, 2,600ರಷ್ಟು ಮಂದಿಯ ಲೆಕ್ಕವೇ ಸಿಕ್ಕಿರಲಿಲ್ಲ. ಅವರಲ್ಲಿ 1,500ಕ್ಕೂ ಹೆಚ್ಚು ಮಂದಿಯ ಸುಳಿವು ಇನ್ನೂ ದೊರೆತಿಲ್ಲ.

ಹಾಗೆ 1970ರಲ್ಲಿ ಕಣ್ಮರೆಯಾದ ನೌಕಾಪಡೆಯ ವಿಮಾನಿಕನೊಬ್ಬನ ಪತ್ನಿ ಮೇರಿ ಹಾಫ್ ಸುಮ್ಮನೆ ಕೂರಲಿಲ್ಲ. ಕಾಣೆಯಾದವರಿಗೂ ಒಂದು ಬಾವುಟ ಬೇಕೆಂದು ಬಾವುಟ ತಯಾರಕರನ್ನು ಒಪ್ಪಿಸಿದಳು. ಅದನ್ನು ಬರೆದ ನ್ಯೂಟನ್ ಹೈಸ್ಲಿ ತಾನೇ ಎರಡನೆಯ ಮಹಾಯುದ್ಧದ ವಿಮಾನಿಕ. ಸೈನ್ಯದ ತರಬೇತಿಯಲ್ಲಿ ಕಾಯಿಲೆ ಬಿದ್ದು, ಸೊರಗಿ ಮನೆಗೆ ಬಂದಿದ್ದ ತನ್ನ ಮಗನ ಮುಖದ ಅಂಚನ್ನೇ ನೋಡಿ ಆತ ಸೆರೆಯಾಳಿನ ಚಿತ್ರ ಬರೆದ. ಬಾಗಿದ ತಲೆ, ಹಿಂದೆ ಕಾವಲುಗೋಪುರ, ಮುಳ್ಳುತಂತಿ. ಕಪ್ಪು ಬಿಳುಪಿನ ಆ ಬಾವುಟ ಒಬ್ಬ ಹೆಂಡತಿಯ ಕಾತರದಿಂದಲೂ ಒಬ್ಬ ತಂದೆಯ ಕಣ್ಣಿನಿಂದಲೂ ಹುಟ್ಟಿತು. ಇಂದು ಅದನ್ನು ಅತ್ಯಂತ ನಿಷ್ಠೆಯಿಂದ ಹೊತ್ತು ತಿರುಗುವವರು ಮೋಟಾರು ಸೈಕಲ್ ಸವಾರರು.

ಗುಡುಗಿನ ಮೆರವಣಿಗೆ

ಸೈನಿಕನಿಗೂ ಮೋಟಾರು ಸೈಕಲ್ಲಿಗೂ ನಂಟು ಹಳೆಯದು. ಎರಡನೆಯ ಮಹಾಯುದ್ಧಕ್ಕಾಗಿ ಹಾರ್ಲೆ-ಡೇವಿಡ್‌ಸನ್ ಕಾರ್ಖಾನೆ ಸುಮಾರು 90,000 ಗಾಡಿಗಳನ್ನು ತಯಾರಿಸಿತ್ತು. ಯುದ್ಧ ಮುಗಿದಾಗ ಅವು ಅಗ್ಗಕ್ಕೆ ಬಿಕರಿಯಾದವು. ಮನೆಗೆ ಮರಳಿದ ತರುಣರಿಗೆ ಕಚೇರಿಯ ಮೇಜು ಒಗ್ಗಲಿಲ್ಲ. ಸೇನೆಯಲ್ಲಿ ಕಂಡಿದ್ದ ಅಣ್ಣತಮ್ಮಂದಿರ ಸಲಿಗೆ ಬೇರೆಲ್ಲೂ ಸಿಗಲಿಲ್ಲ. ಹೀಗೆ ಸವಾರರ ಸಂಘಗಳು ಹುಟ್ಟಿದವು. 1947ರಲ್ಲಿ ಕ್ಯಾಲಿಫೋರ್ನಿಯದ ಹಾಲಿಸ್ಟರ್ ಎಂಬ ಊರಿನಲ್ಲಿ ಅವರು ಎಬ್ಬಿಸಿದ ಗದ್ದಲ ಪತ್ರಿಕೆಗಳಲ್ಲಿ ದೊಡ್ಡದಾಗಿ, ಇವರೆಲ್ಲ ಪುಂಡರು ಎಂಬ ಹೆಸರು ಅಂಟಿಕೊಂಡಿತು. ಕೆಲವರು ಆ ಹೆಸರಿಗೆ ತಕ್ಕಂತೆ ನಡೆದದ್ದೂ ಸುಳ್ಳಲ್ಲ.

ವಿಯೆಟ್ನಾಮಿನಿಂದ ಬಂದವರ ಗತಿ ಇನ್ನೂ ಕಠಿನವಾಯಿತು. ಯುದ್ಧವನ್ನು ದ್ವೇಷಿಸಿದ ಜನ, ಯುದ್ಧಕ್ಕೆ ಕಳುಹಿಸಲ್ಪಟ್ಟವರ ಮುಖವನ್ನೂ ನೋಡದಾದರು. ವಾದ್ಯವಿಲ್ಲ, ಹಾರವಿಲ್ಲ. ಈಗಲೂ ಆ ಯೋಧರು ಪರಸ್ಪರ ಭೇಟಿಯಾದಾಗ ಕೈಕುಲುಕಿ ಹೇಳುವ ಮಾತು, ಮನೆಗೆ ಸ್ವಾಗತ ಎಂದು. ಊರು ಹೇಳದ ಮಾತನ್ನು ತಾವೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ!

ಅಮೆರಿಕದಲ್ಲಿ ಮಡಿದ ಯೋಧರ ನೆನಪಿಗೆ ಒಂದು ದಿನವನ್ನು ಮೀಸಲಿಡುವ ರೂಢಿ 1868ರಷ್ಟು ಹಳೆಯದು. ಅಂತರ್ಯುದ್ಧದಲ್ಲಿ ಸತ್ತವರ ಗೋರಿಗಳಿಗೆ ಆ ಮೇ 30ರಂದು ಹೂವಿಡಬೇಕೆಂದು ಜನರಲ್ ಲೋಗನ್ ಆಜ್ಞೆ ಹೊರಡಿಸಿದ್ದ. 1971ರಿಂದ ಅದು ಮೇ ತಿಂಗಳ ಕೊನೆಯ ಸೋಮವಾರಕ್ಕೆ ಬರುತ್ತದೆ. 1988ರಲ್ಲಿ, ಆ ಸೋಮವಾರದ ಹಿಂದಿನ ಭಾನುವಾರ, ಸುಮಾರು 2,500 ಮೋಟಾರು ಸೈಕಲ್ಲುಗಳು ರಾಜಧಾನಿಯ ಬೀದಿಗಳಲ್ಲಿ ಸಾಲುಗೂಡಿದವು. ಕಾಣೆಯಾದವರ ಲೆಕ್ಕ ಕೊಡಿ ಎಂಬುದೇ ಅವರ ಬೇಡಿಕೆ. ಮೆರವಣಿಗೆಗೆ ಅವರಿಟ್ಟ ಹೆಸರು ‘ರೋಲಿಂಗ್ ಥಂಡರ್’, ಉರುಳುವ ಗುಡುಗು. 1965ರಲ್ಲಿ ವಿಯೆಟ್ನಾಮಿನ ಮೇಲೆ ಆರಂಭವಾದ ಬಾಂಬು ದಾಳಿಗೂ ಅದೇ ಹೆಸರಿತ್ತು. ಅಂದು ಸಾವನ್ನು ಸುರಿಸಿದ ಗುಡುಗನ್ನು ಇಂದು ಸತ್ತವರ ಕೂಗಾಗಿ ಮಾಡಿಕೊಂಡರು. ವರ್ಷದಿಂದ ವರ್ಷಕ್ಕೆ ಬೆಳೆದು ಲಕ್ಷಗಟ್ಟಲೆ ಸವಾರರು ಸೇರುವಂತಾದ ಆ ಮೆರವಣಿಗೆಯನ್ನು ಮೂಲ ಸಂಘಟಕರು 2019ರಲ್ಲಿ ಕಡೆಯ ಬಾರಿ ನಡೆಸಿದರು. ಬಳಿಕ ಮಾಜಿ ಸೈನಿಕರ ಬೇರೊಂದು ಸಂಸ್ಥೆ ಅದರ ಹೊಣೆ ಹೊತ್ತಿತು. 1989ರಿಂದ ಕ್ಯಾಲಿಫೋರ್ನಿಯದಿಂದಲೇ ಹೊರಟು, ಇಡೀ ಖಂಡವನ್ನು ಹತ್ತು ದಿನಗಳಲ್ಲಿ ದಾಟಿ ಗೋಡೆಯನ್ನು ಮುಟ್ಟುವ ತಂಡಗಳೂ ಉಂಟು. ನಮ್ಮವರು ಪಂಢರಾಪುರಕ್ಕೆ ನಡೆದುಹೋದಂತೆ!

1995ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ಸವಾರರು ಒಂದು ಹೊಚ್ಚ ಹೊಸ ಮೋಟಾರು ಸೈಕಲ್ಲನ್ನೇ ತಂದು ಗೋಡೆಯ ಬಳಿ ಬಿಟ್ಟುಹೋದರು. ತಮ್ಮ ಪ್ರಾಂತದಿಂದ ಹೋಗಿ ಕಾಣೆಯಾದ 37 ಮಂದಿಗೆ ಅದು ಅರ್ಪಣೆ. ಆ 37 ಮಂದಿಯೂ ಮನೆಗೆ ಬರುವ ತನಕ ಅದನ್ನು ಯಾರೂ ಏರಬಾರದೆಂಬುದು ಅವರ ಕಟ್ಟು. ಗಾಡಿ ಈಗ ಉಗ್ರಾಣದಲ್ಲಿದೆ, ಸವಾರನಿಗಾಗಿ ಕಾಯುತ್ತ.

ಸಾವಿನ ಮನೆಯ ಬಾಗಿಲಲ್ಲಿ

2005ರಲ್ಲಿ ಈ ಕಥೆಗೆ ಹೊಸ ತಿರುವು ಬಂದಿತು. ಇರಾಕಿನಲ್ಲಿ ಸತ್ತ ಸೈನಿಕರ ಅಂತ್ಯಕ್ರಿಯೆ ನಡೆಯುವಲ್ಲಿ ಸಣ್ಣದೊಂದು ಮತೀಯ ಗುಂಪು ಬಂದು ನಿಂತು, ಈ ಸಾವು ದೇವರು ಕೊಟ್ಟ ಶಿಕ್ಷೆಯೆಂದು ಫಲಕ ಹಿಡಿದು ಕೂಗುತ್ತಿತ್ತು. ಮಗನನ್ನು ಮಣ್ಣಿಗಿಡುವ ತಾಯಿಯ ಕಿವಿಗೆ ಬೀಳಬೇಕಾದ ಮಾತೆ ಇದು? ಕಾನ್ಸಾಸ್ ಪ್ರಾಂತದ ಕೆಲವು ಸವಾರರಿಗೆ ಇದು ಸಹನೆಯಾಗಲಿಲ್ಲ. ಹೊಡೆದಾಟಕ್ಕೆ ಹೆಸರಾದ ಕುಲದವರು ಅವರು, ಆದರೂ ಕೈಯೆತ್ತಲಿಲ್ಲ. ಬಾವುಟಗಳನ್ನು ಹಿಡಿದು, ಮನೆಯವರಿಗೂ ಕೂಗುವವರಿಗೂ ನಡುವೆ ಸಾಲಾಗಿ ನಿಂತರು. ಕೂಗು ಹೆಚ್ಚಿದಾಗ ತಮ್ಮ ಗಾಡಿಗಳ ಎಂಜಿನುಗಳನ್ನು ಮೊರೆಯಿಸಿದರು. ಹೀಗೆ ಹುಟ್ಟಿದ ‘ಪೇಟ್ರಿಯಟ್ ಗಾರ್ಡ್ ರೈಡರ್ಸ್’ ದೇಶಾದ್ಯಂತ ಹರಡಿತು. ಮನೆಯವರು ಕರೆದರೆ ಮಾತ್ರ ಅವರು ಹೋಗುತ್ತಾರೆ. ಸದಸ್ಯನಾಗಲು ಮೋಟಾರು ಸೈಕಲ್ಲಾದರೂ ಇರಲೇಬೇಕೆಂದಿಲ್ಲ. ಸತ್ತವನ ಮೇಲೆ ಗೌರವವಿದ್ದರೆ ಸಾಕು.

ಶವವಾಹನದ ಹಿಂದೆ ಇಂಥ ಸವಾರರು ಜೋಡಿಸಾಲಿನಲ್ಲಿ ಸಾಗುವಾಗ, ಕೆಲವೊಮ್ಮೆ ಸಾಲಿನಲ್ಲಿ ಒಬ್ಬನ ಜಾಗವನ್ನು ತೆರವಾಗಿ ಬಿಡುತ್ತಾರೆ. ಯಾರೂ ಆ ಜಾಗಕ್ಕೆ ನುಗ್ಗುವುದಿಲ್ಲ. ಇಲ್ಲದವನು ತಮ್ಮ ಜೊತೆಯಲ್ಲೇ ಬರುತ್ತಿದ್ದಾನೆಂಬ ಭಾವನೆ. ಮನೆಯವರು ಹಿಂದಿನ ದಿನದವರೆಗೆ ಅವರ ಮುಖ ಕಂಡವರಲ್ಲ, ಹೆಸರು ಕೇಳಿದವರಲ್ಲ. ಆದರೂ ತಮ್ಮ ಮಗನಿಗಾಗಿ ಮಳೆಯಲ್ಲೋ ಮಂಜಿನಲ್ಲೋ ಇಷ್ಟು ಮಂದಿ ನಿಂತಿದ್ದಾರಲ್ಲ ಎಂಬುದನ್ನು ಅವರು ಮರೆಯುವಂತಿಲ್ಲ. ರಕ್ತದ ನಂಟು ಮುಗಿದಲ್ಲಿ ಋಣದ ನಂಟು ತೊಡಗುತ್ತದೆ.

ಗೋಡೆಯ ಮೇಲಿನ ಹೆಸರುಗಳ ಪಕ್ಕದಲ್ಲಿ ಒಂದೊಂದು ಪುಟ್ಟ ಗುರುತಿದೆ. ವಜ್ರದ ಆಕಾರವಿದ್ದರೆ ಸಾವು ಖಚಿತ. ಶಿಲುಬೆಯಂಥ ಕೂಡುಗೆರೆಯಿದ್ದರೆ ಸುಳಿವಿಲ್ಲ. ಅಸ್ಥಿ ದೊರೆತರೆ ಗೆರೆಯ ಮೇಲೆ ವಜ್ರ ಕೊರೆಯುತ್ತಾರೆ. ಕಾಣೆಯಾದವನು ಜೀವಂತವಾಗಿ ಮರಳಿದರೆ ಗೆರೆಯ ಸುತ್ತ ಒಂದು ವೃತ್ತ ಕೊರೆಯಬೇಕೆಂದು ನಿಯಮವಿದೆ. ಇಂದಿನವರೆಗೆ ಅಂಥ ವೃತ್ತ ಒಂದೂ ಆ ಕಲ್ಲಿನ ಮೇಲೆ ಮೂಡಿಲ್ಲ. ಆದರೂ ನಿಯಮವನ್ನು ಯಾರೂ ಅಳಿಸಿಲ್ಲ.

ಬೆಂಗಳೂರಿನ ಮಣ್ಣಿನಡಿ ಯುಗಯುಗ ಮಲಗಿದ್ದ ಕಲ್ಲು ಯಾವುದೋ ನಾಡಿನ ತಾಯಂದಿರ ಬೆರಳು ತಾಗಿ ಬೆಚ್ಚಗಾಗುತ್ತಿದೆ. ಮುಟ್ಟಿದವರಿಗೆ ಅದು ಸತ್ತವರ ಹೆಸರನ್ನೂ ತೋರಿಸುತ್ತದೆ, ಬದುಕಿರುವವರ ಮುಖವನ್ನೂ ತೋರಿಸುತ್ತದೆ. ಹೆಸರನ್ನು ಉಳಿಸಬೇಕಾದವರು ಯಾರೆಂದು ಅದು ಬಾಯಿಬಿಟ್ಟು ಹೇಳಬೇಕಾಗಿಲ್ಲ.