ಕೈನಡುಕವೂ ವಂಶವಾಹಿಯೂ

ಹಿರಿಯರ ಕೈ ನಡುಗಿದರೆ, ನಡಿಗೆ ನಿಧಾನವಾದರೆ, ಮುಪ್ಪಿನ ಲಕ್ಷಣವೆಂದು ಸುಮ್ಮನಾಗುವುದು ನಮ್ಮ ಮನೆಗಳಲ್ಲಿ ವಾಡಿಕೆ. ಆದರೆ ನಡುಕವೆಲ್ಲವೂ ಮುಪ್ಪಿನದಲ್ಲ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ, ಮುಂದೆ ಅವರ ಹೆಸರನ್ನೇ ಪಡೆದ ವ್ಯಾಧಿಯೂ ಇದಕ್ಕೆ ಕಾರಣವಾಗಿರಬಹುದು.

ಮಿದುಳಿನ ನಡುಭಾಗದಲ್ಲಿ ಕಪ್ಪುಛಾಯೆಯ ಒಂದು ಪುಟ್ಟ ಪ್ರದೇಶವಿದೆ. ಅಲ್ಲಿಯ ಜೀವಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ಉತ್ಪಾದಿಸುತ್ತವೆ. ದೇಹದ ಚಲನೆಗಳು ಸರಾಗವಾಗಿ ನಡೆಯಲು ಇದು ಅತ್ಯಗತ್ಯ. ಈ ಕೋಶಗಳು ವರ್ಷಗಟ್ಟಲೆ ಸದ್ದಿಲ್ಲದೆ ಸಾಯುತ್ತ ಬರುತ್ತವೆ. ಬಹುಭಾಗ ನಾಶವಾದ ಮೇಲೆಯೇ ಕೈ ನಡುಗುವುದು, ಸ್ನಾಯುಗಳು ಬಿಗಿಯುವುದು, ಅಕ್ಷರಗಳು ಕಿರಿದಾಗುವುದು.

ಈ ಸಾವಿಗೆ ಕಾರಣವೇನು? 1997ರಲ್ಲಿ ಇಟಲಿಯ ಒಂದು ಮತ್ತು ಗ್ರೀಸಿನ ಮೂರು ಕುಟುಂಬಗಳ ರೋಗಿಗಳಲ್ಲಿ, ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನನ್ನು ರೂಪಿಸುವ ವಂಶವಾಹಿಯಲ್ಲಿ ದೋಷ ಕಂಡುಬಂದಿತು. 2003ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ಒಂದು ಕುಟುಂಬ ಮತ್ತೊಂದು ಸತ್ಯವನ್ನು ತೋರಿಸಿತು. ಅವರಲ್ಲಿ ಈ ವಂಶವಾಹಿ ನಿರ್ದುಷ್ಟವಾಗಿಯೇ ಇತ್ತು. ಆದರೆ ಎರಡು ಪ್ರತಿಗಳಿರಬೇಕಾದಲ್ಲಿ ನಾಲ್ಕಿದ್ದವು. ಅದರಿಂದ ಪ್ರೋಟೀನು ಮಿತಿಮೀರಿ ತಯಾರಾಗುತ್ತಿತ್ತು. ಅತಿಯಾದರೆ ಅಮೃತವೂ ವಿಷವಲ್ಲವೆ? ಹೀಗೆ ಹೆಚ್ಚಿದ ಪ್ರೋಟೀನು ಗಂಟುಕಟ್ಟಿ ಕೋಶಗಳಿಗೆ ಮಾರಕವಾಗುತ್ತದೆ. ವಂಶದಲ್ಲಿ ರೋಗವಿಲ್ಲದ ರೋಗಿಗಳ ಮಿದುಳಿನಲ್ಲಿಯೂ ಸಾಮಾನ್ಯವಾಗಿ ಇಂತಹುದೇ ಗಂಟುಗಳು ಕಾಣುತ್ತವೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. 1998ರಲ್ಲಿ ಜಪಾನಿನ ವಿಜ್ಞಾನಿಗಳು ಪತ್ತೆಹಚ್ಚಿದ ಪಾರ್ಕಿನ್ ಎಂಬ ವಂಶವಾಹಿಯು ಕೋಶದೊಳಗಿನ ಕೆಟ್ಟುಹೋದ ಶಕ್ತಿಕೇಂದ್ರಗಳನ್ನು ತೆಗೆದುಹಾಕಲು ನೆರವಾಗುತ್ತದೆ. ಅದು ಕೆಲಸ ನಿಲ್ಲಿಸಿದರೆ ಕಸ ತುಂಬಿ ಕೋಶ ಬಳಲುತ್ತದೆ. ಹರೆಯದಲ್ಲಿಯೇ ರೋಗ ತಲೆದೋರಬಹುದು. ಒಂದೆಡೆ ಅತಿ, ಇನ್ನೊಂದೆಡೆ ಕೊರತೆ. ಪರಿಣಾಮ ಮಾತ್ರ ಒಂದೇ.

ಹಾಗೆಂದು ಮನೆಯಲ್ಲಿ ಒಬ್ಬರಿಗೆ ಬಂದರೆ ಮಕ್ಕಳಿಗೂ ಬಂದೀತೆಂದು ಹೆದರಬೇಕಾಗಿಲ್ಲ. ಬಹುಪಾಲು ರೋಗಿಗಳಲ್ಲಿ ಒಂದೇ ವಂಶವಾಹಿಯ ದೋಷ ಕಾರಣವಾಗಿರುವುದಿಲ್ಲ. ವಯಸ್ಸು, ಪರಿಸರ, ಹಲವು ವಂಶವಾಹಿಗಳ ಅಲ್ಪಸ್ವಲ್ಪ ಪ್ರಭಾವ ಎಲ್ಲವೂ ಅಲ್ಲಿ ಕೂಡಿರುತ್ತವೆ.

ಕೋಶಗಳ ಸಾವನ್ನು ತಡೆಯುವ ಔಷಧಿ ಇನ್ನೂ ದೊರೆತಿಲ್ಲ. ಆದರೆ ಮಿದುಳನ್ನು ಸೇರಿ ಡೋಪಮಿನ್ ಆಗಿ ಮಾರ್ಪಡುವ ಲೆವೊಡೋಪ ಮಾತ್ರೆ ಅನೇಕರಿಗೆ ನಡೆದಾಡುವ, ತಾವೇ ಉಣ್ಣುವ ಶಕ್ತಿಯನ್ನು ಮರಳಿಸಿದೆ. ನಮ್ಮ ನಸುಗುನ್ನಿ ಬೀಜದಲ್ಲಿಯೂ ಈ ವಸ್ತುವಿದೆ. ಆದರೆ ಅಳತೆಯರಿಯದೆ ಸ್ವಂತ ಚಿಕಿತ್ಸೆ ಮಾಡಿಕೊಳ್ಳುವುದು ಅಪಾಯಕರ. ಸೇವಿಸುತ್ತಿರುವ ಮಾತ್ರೆಯನ್ನು ಹಠಾತ್ತಾಗಿ ನಿಲ್ಲಿಸುವುದೂ ಸಲ್ಲದು. ವಿಶ್ರಾಂತಿಯಲ್ಲಿರುವಾಗಲೂ ಕೈ ನಡುಗುತ್ತಿದ್ದರೆ, ಅಂಗಿಯ ಗುಂಡಿ ಹಾಕಲು ತಡವಾಗುತ್ತಿದ್ದರೆ, ಹಿರಿಯರನ್ನು ನರರೋಗ ತಜ್ಞರಲ್ಲಿಗೆ ಕರೆದೊಯ್ಯುವುದು ಮನೆಯವರ ಕರ್ತವ್ಯ.