ನರಗಳು ಅವಯವಗಳಿಗೆ ಅಪ್ಪಣೆ ಕೊಡುವ ಬಗೆ

ಉಂಡ ಅನ್ನವನ್ನು ಅರಗಿಸೆಂದು ಜಠರಕ್ಕೆ ನಾವು ಹೇಳಬೇಕಾಗಿಲ್ಲ. ನಿದ್ರೆಯಲ್ಲಿಯೂ ಹೃದಯವು ತಾನಾಗಿಯೇ ಮಿಡಿಯುತ್ತಿರುವುದು. ಇಂತಹ ಕಾರ್ಯಗಳು ನಮ್ಮ ಇಚ್ಛೆಗೆ ಒಳಪಡದ ಸ್ವಯಂಚಾಲಿತ ನರಮಂಡಲದ ಅಧೀನವಾಗಿವೆ. ಅದರಲ್ಲಿ ಒಂದು ವರ್ಗದ ನರಗಳು ಭಯ ಕೋಪಗಳ ಸಮಯದಲ್ಲಿ ಹೃದಯವನ್ನು ತ್ವರೆಗೊಳಿಸುವುವು. ಇನ್ನೊಂದು ವರ್ಗದವು ಅದನ್ನು ನಿಧಾನಗೊಳಿಸಿ ಜೀರ್ಣಕ್ರಿಯೆಗೆ ನೆರವಾಗುವುವು.

ಆದರೆ ನರದ ತುದಿಗೂ ಅವಯವಕ್ಕೂ ನಡುವೆ ಅತಿಸೂಕ್ಷ್ಮವಾದ ಅಂತರವುಂಟು. ಅಪ್ಪಣೆಯು ಅದನ್ನು ವಿದ್ಯುತ್ತಿನ ರೂಪದಲ್ಲಿಯೇ ದಾಟುವುದೆಂದು ಒಂದು ಕಾಲಕ್ಕೆ ಬಹುಮಂದಿ ಪಂಡಿತರು ನಂಬಿದ್ದರು. ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ಆಟೋ ಲೋವಿಯವರು 1921ರಲ್ಲಿ ಪ್ರಕಟಿಸಿದ ಪ್ರಯೋಗವು ಈ ನಂಬಿಕೆಯನ್ನು ಅಲುಗಿಸಿತು. ಪ್ರಯೋಗದ ಕ್ರಮವು ಕನಸಿನಲ್ಲಿ ಹೊಳೆಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಮೊದಲ ರಾತ್ರಿ ನಿದ್ದೆಗಣ್ಣಿನಲ್ಲಿ ಗೀಚಿಟ್ಟುದು ಬೆಳಿಗ್ಗೆ ಅವರಿಗೇ ಓದಲು ಬರಲಿಲ್ಲವಂತೆ; ಮರುರಾತ್ರಿ ಅದೇ ಯೋಚನೆ ಮರಳಲು, ಕಾಗದವನ್ನು ನಂಬದೆ ನೆಟ್ಟಗೆ ಪ್ರಯೋಗಶಾಲೆಗೆ ನಡೆದರು.

ಎರಡು ಕಪ್ಪೆಗಳ ಹೃದಯಗಳನ್ನು ಬೇರ್ಪಡಿಸಿ, ಲವಣದ್ರಾವಣವನ್ನು ತುಂಬಿ, ಮಿಡಿಯುತ್ತಿರುವಂತೆ ಇರಿಸಿದರು. ಒಂದರ ವೇಗಸ್ ನರವನ್ನು ಕೆರಳಿಸಲು ಅದರ ಬಡಿತವು ನಿಧಾನವಾಯಿತು. ಅದರೊಳಗಿನ ದ್ರಾವಣವನ್ನು ತೆಗೆದು, ನರವನ್ನೇ ಕಿತ್ತಿದ್ದ ಎರಡನೆಯ ಹೃದಯಕ್ಕೆ ಸೇರಿಸಿದಾಗ ಅದೂ ನಿಧಾನವಾಯಿತು! ನರವು ಯಾವುದೋ ರಸವನ್ನು ಸುರಿಸಿದ್ದಿತು. ಆ ರಸವೇ ಅಸಿಟೈಲ್‌ಕೋಲಿನ್. ಇಂಗ್ಲೆಂಡಿನ ಹೆನ್ರಿ ಡೇಲ್ ಅವರು ಅದರ ಗುಣಗಳನ್ನು 1914ರಲ್ಲಿಯೇ ವರ್ಣಿಸಿದ್ದರು. 1936ರ ನೊಬೆಲ್ ಪಾರಿತೋಷಕವು ಇಬ್ಬರಿಗೂ ಸಂದಿತು. ಹೃದಯವನ್ನು ತ್ವರೆಗೊಳಿಸುವ ನರಗಳ ರಸವು ನಾರ್‌ಅಡ್ರಿನಲಿನ್ ಎಂಬುದನ್ನು ಸ್ವೀಡನ್ನಿನ ಫಾನ್ ಆಯ್ಲರ್ ಅವರು 1946ರಲ್ಲಿ ತೋರಿಸಿದರು.

ರಸವು ಸುರಿಯುವುದೆಷ್ಟು ಮುಖ್ಯವೋ ಒಡನೆಯೇ ಅಳಿಯುವುದೂ ಅಷ್ಟೇ ಮುಖ್ಯ. ಅಸಿಟೈಲ್‌ಕೋಲಿನನ್ನು ಒಡೆಯಲು ಪ್ರತ್ಯೇಕವಾದ ಕಿಣ್ವವೊಂದು ಉಂಟು. ಬೆಳೆಗೆ ಸಿಂಪಡಿಸುವ ಆರ್ಗನೋಫಾಸ್ಫರಸ್ ಜಾತಿಯ ಕೀಟನಾಶಕಗಳು ಈ ಕಿಣ್ವವನ್ನೇ ಕಟ್ಟಿಹಾಕುವುವು. ಈ ವಿಷವು ಬಾಯಿಂದಲೇ ಹೋಗಬೇಕೆಂದಿಲ್ಲ, ಚರ್ಮದ ಮೂಲಕವೂ ಒಳಸೇರುವುದು. ಆಗ ರಸವು ಸಂಚಯವಾಗಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು. ಜೊಲ್ಲು ಬೆವರುಗಳು ಧಾರಾಕಾರವಾಗಿ ಸುರಿಯುವುವು. ಶ್ವಾಸನಾಳಗಳು ದ್ರವದಿಂದ ತುಂಬಿ ರೋಗಿಯು ಉಸಿರಿಗೆ ತಳಮಳಿಸುವನು.

ಇದಕ್ಕೆ ವೈದ್ಯರು ಕೊಡುವ ಆಟ್ರೊಪೀನ್, ನಮ್ಮ ಬೇಲಿಬದಿಯ ಉಮ್ಮತ್ತಿಯಲ್ಲಿಯೂ ಇರುವ ದ್ರವ್ಯ. ಹಾಗೆಂದು ಉಮ್ಮತ್ತಿಯ ರಸವನ್ನು ಕುಡಿಸಹೋದರೆ ಒಂದು ವಿಷಕ್ಕೆ ಇನ್ನೊಂದನ್ನು ಕೂಡಿಸಿದಂತಾಗುವುದು. ಆಟ್ರೊಪೀನ್ ಆ ಕಿಣ್ವವನ್ನು ಬಿಡಿಸುವುದಿಲ್ಲ. ಅವಯವದ ಮೇಲೆ ಅಸಿಟೈಲ್‌ಕೋಲಿನ್ ಕೂರತಕ್ಕ ಸ್ಥಳವನ್ನು ತಾನು ಆಕ್ರಮಿಸುವುದು. ಆದುದರಿಂದಲೇ ಶ್ವಾಸಕೋಶವು ಒಣಗುವವರೆಗೆ ವೈದ್ಯರು ಅದನ್ನು ಮತ್ತೆ ಮತ್ತೆ ಕೊಡುವರು. ಕೈಕಾಲು ಎದೆಗಳ ಮಾಂಸಖಂಡಗಳಲ್ಲಿರುವ ಸ್ಥಳಗಳು ಬೇರೆ ಜಾತಿಯವು. ಅಲ್ಲಿ ಆಟ್ರೊಪೀನ್ ನಾಟದು. ಉಸಿರಾಟದ ಸ್ನಾಯುಗಳೇ ಸೋತಾಗ ಯಂತ್ರದಿಂದ ಉಸಿರಾಡಿಸಬೇಕಾಗುವುದು.