ಹೌಸಿಂಗ್‌ಗೆ ಬಣ್ಣ 600 ಮಿ.ಲೀ., ಖರ್ಚೆಲ್ಲ ಗೇರ್‌ಬಾಕ್ಸ್ ಇಳಿಸುವುದರಲ್ಲಿ

ಜೂನ್ 1ರಿಂದ ಜುಲೈ 31ರವರೆಗೆ, ಟ್ರಾಲಿಂಗ್ ನಿಷೇಧದ 61 ದಿನ, ಕರಾವಳಿಯ ಮೀನಿನ ಲಾರಿಗಳಿಗೆ ಓಡಾಟ ಕಡಿಮೆ. ಕ್ಲಚ್ ಕೆಲಸ ಬಾಕಿಯಿದ್ದ ಹಳೆಯ ಲಾರಿಯನ್ನು ಗ್ಯಾರೇಜಿಗೆ ಬಿಡಲು ಇದೇ ಹೊತ್ತು. ಅಲ್ಯೂಮಿನಿಯಂ ಗೇರ್‌ಬಾಕ್ಸ್ ಹೌಸಿಂಗ್‌ಗೆ ಹಿಡಿದ ಬಿಳಿ ಪುಡಿಯನ್ನು ತೆಗೆಸಿ ಬಣ್ಣ ಹೊಡೆಸುವುದನ್ನೂ ಆಗಲೇ ಮುಗಿಸಬೇಕು. ಯಾಕೆಂದರೆ ಲೆಕ್ಕ ಹೀಗಿದೆ.

ಆಳಿಗೆ ದಿನಕ್ಕೆ 1,200 ರೂಪಾಯಿ ಎಂದು ಹಿಡಿಯೋಣ. ನಿಮ್ಮೂರಿನ ದರ ಬೇರೆಯಾದರೆ ಅಂಕಿ ಬದಲಿಸಿಕೊಳ್ಳಿ. ಗೇರ್‌ಬಾಕ್ಸ್ ಇಳಿಸಿ ಮತ್ತೆ ಏರಿಸಲು ಇಬ್ಬರಿಗೆ ಎರಡು ದಿನ ಬೇಕಾದರೆ 4,800. ತೊಳೆದು ಉಜ್ಜಲು ಒಂದಾಳು, 1,200. ಟೇಪ್ ಅಂಟಿಸಿ ಬಣ್ಣ ಹೊಡೆಯಲು ಅರ್ಧ ದಿನ, 600. ಸಾಮಾನಿಗೆ 2,000 ಇಟ್ಟರೆ ಒಟ್ಟು 8,600. ಅದರಲ್ಲಿ ಶೇ. 56 ಇಳಿಸಿ ಏರಿಸುವುದಕ್ಕೇ ಹೋಯಿತು. ಕ್ಲಚ್‌ಗಾಗಿ ಹೇಗೂ ಇಳಿಸಿದ್ದರೆ ಉಳಿಯುವುದು 3,800 ಮಾತ್ರ.

ಈ ಹೌಸಿಂಗನ್ನು ತಿನ್ನುವುದು ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಕಾಲು ಲೀಟರ್ ಆರಿದರೆ 9 ಗ್ರಾಂನಷ್ಟು ಉಳಿಯುತ್ತದೆ. ಮೀನಿನ ಪೆಟ್ಟಿಗೆಯಿಂದ ಸೋರುವ ಮಂಜುಗಡ್ಡೆಯ ನೀರು ಅಷ್ಟು ಉಪ್ಪಾಗಿರದಿದ್ದರೂ ದಿನವೂ ಬಿದ್ದು ಆರುತ್ತದೆ. ಅಲ್ಯೂಮಿನಿಯಂನ್ನು ಕಾಯುವ ಆಕ್ಸೈಡ್ ಪೊರೆಯ ದಪ್ಪ ಕೆಲವೇ ನ್ಯಾನೋಮೀಟರ್. ಕ್ಲೋರೈಡ್ ಅದನ್ನು ಒಡೆಯುತ್ತದೆ. ಸ್ಟೀಲ್ ಬೋಲ್ಟ್ ತಾಗಿದ ಜಾಗದಲ್ಲಿ ಸವೆತ ಇನ್ನೂ ಜೋರು. ಬೋಲ್ಟಿನ ತಲೆಯ ಸುತ್ತ ಬಳೆಯಂತೆ ಬಿಳಿ ಪುಡಿ ಕಟ್ಟಿರುವುದನ್ನು ನೋಡಿದರೆ ಗೊತ್ತಾಗುತ್ತದೆ.

ತೊಳೆಯುವ ಮೊದಲು ಬ್ರೀದರ್ ಮತ್ತು ಶಾಫ್ಟ್ ಸೀಲ್‌ಗಳನ್ನು ಮುಚ್ಚಲೇಬೇಕು. ಒಳಗೆ ನೀರು ಹೋದರೆ ಬೇರಿಂಗ್ ಖರ್ಚಿನ ಮುಂದೆ ಮೇಲಿನ 3,800 ಏನೂ ಅಲ್ಲ. ನಿಮಿಷಕ್ಕೆ 8 ಲೀಟರ್ ಬಿಡುವ ಪ್ರೆಶರ್ ವಾಷರ್ ಹತ್ತು ನಿಮಿಷಕ್ಕೆ 80 ಲೀಟರ್ ಕುಡಿಯುತ್ತದೆ. ಅದು ಸಿಹಿನೀರೇ ಆಗಿರಲಿ. ಕಡಲಂಚಿನ ಬಾವಿಯ ನೀರಾದರೆ ರುಚಿ ನೋಡಿಯೇ ಬಳಸಿ. ಆಮೇಲೆ ನೈಲಾನ್ ಬ್ರಷ್, ಸ್ಕಾಚ್‌ಬ್ರೈಟ್, ನೀರು ಬೆರೆಸಿದ ಫಾಸ್ಫಾರಿಕ್ ಆಮ್ಲದ ಕ್ಲೀನರ್ ಸಾಕು. ಸಾದಾ ಕಬ್ಬಿಣದ ತಂತಿ ಬ್ರಷ್ ಬೇಡ, ಅದರ ಚೂರುಗಳು ಲೋಹದಲ್ಲಿ ಸಿಕ್ಕಿಕೊಂಡು ಹೊಸ ಸವೆತಕ್ಕೆ ದಾರಿ ಮಾಡುತ್ತವೆ.

ಗ್ರೀಸ್ ಬೇಗ ಬಿಡುತ್ತದೆಂದು ಕಾಸ್ಟಿಕ್ ಸೋಡಾ ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಅದು ಅಲ್ಯೂಮಿನಿಯಂನ್ನೇ ಕರಗಿಸುತ್ತದೆ. 27 ಗ್ರಾಂ ಲೋಹ ಕರಗಿದರೆ ಸುಮಾರು 36 ಲೀಟರ್ ಹೈಡ್ರೋಜನ್ ಹೊರಬರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಪಕ್ಕದಲ್ಲೇ ವೆಲ್ಡಿಂಗ್ ನಡೆಯುತ್ತಿದ್ದರೆ ಜೀವಕ್ಕೇ ಅಪಾಯ.

ಪುಡಿ ಹೋದ ಮೇಲೆ ಗುಳಿಗಳು ಕಾಣುತ್ತವೆ. ವರ್ನಿಯರ್‌ನ ಹಿಂಬದಿ ಕಡ್ಡಿಯಿಂದ ಆಳ ಅಳೆಯಿರಿ. 6 ಮಿ.ಮೀ. ಗೋಡೆಯಲ್ಲಿ ಅರ್ಧ ಮಿ.ಮೀ. ಗುಳಿಗೆ ಬಣ್ಣ ಸಾಕು. 2 ಮಿ.ಮೀ. ದಾಟಿದ್ದು ಬೇರಿಂಗ್ ಕೂರುವಲ್ಲೋ ಬೋಲ್ಟ್ ತೂತಿನ ಪಕ್ಕದಲ್ಲೋ ಇದ್ದರೆ ಆರ್ಗಾನ್ ವೆಲ್ಡಿಂಗ್ ಮಾಡುವವರಿಗೆ ತೋರಿಸಿ, ಅದರ ಖರ್ಚು ಬೇರೆ.

ಬಣ್ಣದ ಲೆಕ್ಕ ಸಣ್ಣದು. 70 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ಹೌಸಿಂಗ್‌ಗೆ 1.44 ಚದರ ಮೀಟರ್ ಮೈ; ಏಣುಗಳನ್ನು ಸೇರಿಸಿ 2 ಎನ್ನೋಣ. ಒಣಗಿದ ಮೇಲೆ ಅರ್ಧ ಉಳಿಯುವ ಇಪಾಕ್ಸಿ ಪ್ರೈಮರನ್ನು 50 ಮೈಕ್ರಾನ್ ದಪ್ಪಕ್ಕೆ ಹೊಡೆದರೆ ಲೀಟರಿಗೆ 10 ಚದರ ಮೀಟರ್. ಅಂದರೆ ಬೇಕಾದ್ದು 200 ಮಿ.ಲೀ., ಸ್ಪ್ರೇಯಲ್ಲಿ ಹಾರಿಹೋಗುವುದನ್ನು ಕೂಡಿಸಿ 300. ಮೇಲ್‌ಬಣ್ಣಕ್ಕೂ ಅಷ್ಟೇ.

ಕಷ್ಟ ಇರುವುದು ಮಳೆಗಾಲದ ತೇವದಲ್ಲಿ. 28 ಡಿಗ್ರಿ, ಶೇ. 90 ಆರ್ದ್ರತೆಯಿದ್ದರೆ ಗಾಳಿಯ ತೇವ ನೀರಾಗುವುದು ಸುಮಾರು 26 ಡಿಗ್ರಿಗೆ. ಬಣ್ಣ ಹಿಡಿಯಬೇಕಾದರೆ ಲೋಹ ಅದಕ್ಕಿಂತ ಕನಿಷ್ಠ 3 ಡಿಗ್ರಿ ಬಿಸಿಯಿರಬೇಕು. ಹೀಟ್ ಗನ್ನಿಂದ ಹೌಸಿಂಗನ್ನು 35 ಡಿಗ್ರಿಯವರೆಗೆ ಬೆಚ್ಚಗೆ ಮಾಡಿ, ಉಜ್ಜಿದ ದಿನವೇ ಪ್ರೈಮರ್ ಹೊಡೆಯಿರಿ. ಗೇರ್‌ಬಾಕ್ಸ್ ಏರಿಸಿದ ಮೇಲೆ ಬೋಲ್ಟ್ ತಲೆಗಳಿಗೆ ಉಳಿದ ಬಣ್ಣ ಬಳಿದುಬಿಡಿ, ಸ್ಪ್ಯಾನರ್ ತಾಗಿ ಬಣ್ಣ ಎದ್ದಿರುವುದು ಅಲ್ಲೇ.